ಎರಡು ಒಲೆಯ ವರ್ಷ

ನಮ್ಮ ಮನೆಯಲ್ಲಿ ಒಂದು ವರ್ಷ ಎರಡು ಒಲೆ ಉರಿಯುತ್ತಿತ್ತು. ಮನೆ ಪಾಲಾದದ್ದಲ್ಲ, ಅತ್ತೆ ಸೊಸೆಗೆ ಆಗದೆ ಬೇರೆ ಮಾಡಿಕೊಂಡದ್ದೂ ಅಲ್ಲ. ಇದ್ದದ್ದೇ ನಾವು ಐದು ಜನ: ಅಜ್ಜ, ಅಜ್ಜಿ, ಅಪ್ಪ, ಅಮ್ಮ, ನಾನು. ಐದು ಹೊಟ್ಟೆಗೆ ಎರಡು ಒಲೆ ಎಂತಕ್ಕೆ ಅಂತ ಬಂದವರು ಕೇಳುವುದು ಸಹಜ. ಅಮ್ಮ "ಹೀಗೇ" ಅಂದು ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದಳು. ಹೀಗೇ ಅಲ್ಲ, ಒಂದು ಮಾತಿನಿಂದ. ಆ ಮಾತು ಆಡಿದವರೂ ಕೇಳಿದವರೂ ಈಗ ಇಲ್ಲ, ನನಗೂ ತಲೆ ಪೂರ್ತಿ ಹಣ್ಣಾಗಿದೆ, ಆದ್ದರಿಂದ ಬರೆಯಬಹುದು. ನಮ್ಮ ಮನೆಯೊಳಗಿನ ಮಾತು ಅರೆಭಾಷೆ. ಓದುವವರಿಗೆಲ್ಲ ತಿಳಿಯಲಿ ಅಂತ ಇಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಜ್ಜಿ ಇದ್ದಿದ್ದರೆ ಇದಕ್ಕೂ ಒಂದು ತಗಾದೆ ತೆಗೆಯುತ್ತಿದ್ದಳು.

ಸಂಪಾಜೆಯಲ್ಲಿ ನಮ್ಮ ಮನೆ ಇದ್ದದ್ದು ಮಡಿಕೇರಿ ರಸ್ತೆಯ ಬದಿಯಲ್ಲಿ, ಘಾಟಿ ಏರುವ ಮುಂಚಿನ ಸಮತಟ್ಟಿನಲ್ಲಿ. ಮಣ್ಣಿನ ಗೋಡೆ, ಹಂಚಿನ ಮಾಡು, ಎದುರಿಗೆ ಉದ್ದದ ಜಗಲಿ. ಹಿಂದೆ ಗದ್ದೆ, ಗದ್ದೆಯ ಆಚೆ ಪಯಸ್ವಿನಿ ಹೊಳೆ. ಜಗಲಿಯಲ್ಲಿ ಕೂತರೆ ಲಾರಿಯ ಸದ್ದು, ಅಡಿಗೆಮನೆಯಲ್ಲಿ ಕೂತರೆ ಹೊಳೆಯ ಸದ್ದು. ಕೆಳಗಿನಿಂದ ಉಪ್ಪು, ಒಣಮೀನು, ಹಂಚು ಹೇರಿಕೊಂಡು ಬರುವ ಲಾರಿಗಳು ನಮ್ಮ ಅಂಗಳದ ಎದುರು ನಿಂತೇ ಘಾಟಿ ಹತ್ತುವುದು. ಇಂಜಿನ್ನಿಗೂ ನೀರು ಬೇಕು, ಡ್ರೈವರನಿಗೂ ನೀರು ಬೇಕು. ಇಂಜಿನ್ನಿಗೆ ನಾನು ಕೊಡಪಾನದಲ್ಲಿ ತಂದು ಕೊಡುತ್ತಿದ್ದೆ. ಡ್ರೈವರನಿಗೆ ಅಜ್ಜಿ ಬೆಲ್ಲದ ತುಂಡಿನ ಜೊತೆ ಚೊಂಬಿನಲ್ಲಿ ಕೊಡುತ್ತಿದ್ದಳು. ಕುಡಿದವ "ಹೋಗ್ತೇನೆ ಅಕ್ಕ" ಅಂತ ಚೊಂಬು ಚಾಚಿದರೆ ಅಜ್ಜಿ ಅದನ್ನು ತೆಗೆದುಕೊಳ್ಳುತ್ತಿರಲಿಲ್ಲ.

"ಬರ್ತೇನೆ ಅನ್ನು ಮಾರಾಯ. ನೀನು ಹತ್ತುದು ಘಾಟಿ."

ಅವನು "ಬರ್ತೇನೆ" ಅಂದ ಮೇಲೆಯೇ ಚೊಂಬು ಇವಳ ಕೈಗೆ. ಆ ಮಾತನ್ನು ಡ್ರೈವರುಗಳೂ ನಂಬಿಬಿಟ್ಟಿದ್ದರು ಅಂತ ಕಾಣುತ್ತದೆ. ಒಮ್ಮೆ ಅಜ್ಜಿ ಬಚ್ಚಲಲ್ಲಿದ್ದಾಗ ಒಬ್ಬ ಡ್ರೈವರ್ ಅಮ್ಮನ ಕೈಯಿಂದ ನೀರು ಕುಡಿದು ಹೊರಟವನು, ಮೊದಲ ತಿರುವಿನವರೆಗೆ ಹೋಗಿ ಲಾರಿ ನಿಲ್ಲಿಸಿ, ಅಜ್ಜಿ ಹೊರಗೆ ಬಂದು ಕೈ ಎತ್ತುವವರೆಗೆ ಹಾರ್ನ್ ಹೊಡೆಯುತ್ತಾ ಕೂತಿದ್ದ. ಮನೆಯೊಳಗೂ ಅವಳದ್ದು ಇದೇ ಕಾನೂನು. ಮುಸ್ಸಂಜೆ ಹೊತ್ತಿಗೆ "ಇಲ್ಲ" ಅನ್ನಬಾರದು. ಅಕ್ಕಿ ಮುಗಿಯಿತು ಅನ್ನಬಾರದು, ಅಕ್ಕಿ ತರಬೇಕು ಅನ್ನಬೇಕು. ದೀಪ ಆರಿಸು ಅಂದರೆ ಬೆನ್ನಿಗೆ ಒಂದು ಬೀಳುತ್ತಿತ್ತು, ದೊಡ್ಡದು ಮಾಡು ಅನ್ನಬೇಕು. ನನಗೆ ಅಕ್ಷರ ಕಲಿಸಿದ್ದು ಶಾಲೆ, ಮಾತು ಕಲಿಸಿದ್ದು ಈ ಬೆನ್ನಿನ ಪೆಟ್ಟು.

ಅಜ್ಜನ ಕಥೆಯೇ ಬೇರೆ. ಊರವರು ಅವರನ್ನು ಮಾತಿನ ಗೌಡ್ರು ಅಂತ ಕರೆಯುತ್ತಿದ್ದರು. ಲೇವಡಿಗೆ ಅಲ್ಲ. ನಮ್ಮ ಮದುವೆಗಳಲ್ಲಿ ದಿಬ್ಬಣ ಬಂದಾಗ ಎರಡೂ ಕಡೆಯ ಹಿರಿಯರು ಚಪ್ಪರದಲ್ಲಿ ಎದುರುಬದುರು ಕೂತು ಮಾತು ಕೊಟ್ಟು ಮಾತು ತೆಗೆದುಕೊಳ್ಳುವ ಕ್ರಮ ಉಂಟು. ಅದಕ್ಕೆ ಅಜ್ಜನೇ ಆಗಬೇಕು. ಎರಡು ಮನೆಗೆ ಬೇಲಿಯ ತಂಟೆಯಾದರೆ, ಗಂಡ ಹೆಂಡತಿ ಮುನಿಸಿಕೊಂಡು ಹೆಂಡತಿ ತವರು ಸೇರಿದರೆ, ಅಲ್ಲಿಗೂ ಅಜ್ಜನೇ. ಹೋಗುವ ಮುಂಚೆ ಅವರು ದನದ ಹಟ್ಟಿಯ ಎದುರು ಆ ಕಡೆ ಈ ಕಡೆ ನಡೆಯುತ್ತಾ, ಕಟ್ಟಿದ ಎತ್ತಿಗೆ ಮಾತು ಹೇಳಿ ನೋಡುತ್ತಿದ್ದರು. "ನಿಮ್ಮ ಮಗಳು ನಮ್ಮ ಮಗಳು" ಅಂತ ಒಮ್ಮೆ, "ನಮ್ಮ ಮಗಳೇ ನಿಮ್ಮಲ್ಲಿ ಇದ್ದಾಳೆ" ಅಂತ ಇನ್ನೊಮ್ಮೆ. ಎತ್ತು ಕಿವಿ ಆಡಿಸಿದರೆ ಆ ಮಾತು ಪಾಸು. ಗಂಭೀರದ ಮಾತಿಗೆ ಮುಂಚೆ ಬಾಯಿಯ ವೀಳ್ಯವನ್ನು ಹೊರಗೆ ಉಗಿದು, ನೀರು ಮುಕ್ಕಳಿಸಿ, ಆಮೇಲೆಯೇ ಬಾಯಿ ತೆರೆಯುವುದು. ಸುಳ್ಳು ಹೇಳುವವರಲ್ಲ. ಹೇಳಬಾರದ್ದನ್ನು ನುಂಗುವವರು. "ಅರ್ಧ ಜಗಳ ನುಂಗಿದರೆ ಹೋಗ್ತದೆ" ಅಂತ ಅಪ್ಪನಿಗೆ ಹೇಳುತ್ತಿದ್ದದ್ದನ್ನು ನಾನೇ ಕೇಳಿದ್ದೇನೆ. ಇಂಥವರ ಬಾಯಿಂದ ಅಂಥ ಮಾತು ಬಂತು ನೋಡಿ. ಈಗಲೂ ನೆನೆದರೆ ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ, ಪಾಪ ಅನಿಸುತ್ತದೆ.

ಅವತ್ತು ಅವರು ಅರಂತೋಡಿಗೆ ಹೋಗಿದ್ದರು. ಅಲ್ಲಿ ಅಣ್ಣತಮ್ಮಂದಿರಿಬ್ಬರ ನಡುವೆ ತಂಟೆ. ಅಜ್ಜ ಬೆಳಗ್ಗಿನಿಂದ ಮಾತಾಡಿದರೂ ಇಬ್ಬರೂ ಕೇಳಲಿಲ್ಲ, ತಮ್ಮನಾದವನು "ನಿಮ್ಮ ಮಾತು ನಿಮ್ಮ ಮನೆಯಲ್ಲಿ ಇಟ್ಕೊಳ್ಳಿ" ಅಂತ ನಾಲ್ಕು ಜನರ ಎದುರು ಹೇಳಿಬಿಟ್ಟ. ಮಧ್ಯಾಹ್ನದ ಬಿಸಿಲಲ್ಲಿ ರಸ್ತೆಯುದ್ದಕ್ಕೂ ನಡೆದು ಬಂದು ಉಣ್ಣಲಿಕ್ಕೆ ಕೂತರು. ಕುಚ್ಚಲಕ್ಕಿ ಅನ್ನ, ಹುರುಳಿ ಸಾರು. ಸಾರಿಗೆ ಅಜ್ಜಿಯೂ ಉಪ್ಪು ಹಾಕಿದ್ದಳು, ನೋಡದೆ ಅಮ್ಮನೂ ಹಾಕಿದ್ದಳು. ಒಂದು ತುತ್ತಿಗೆ ಅಜ್ಜ ಕೈ ನಿಲ್ಲಿಸಿದರು. ಎಂತದೋ ಅಂದರು. ಅಜ್ಜಿಗೂ ಬಾಯಿ ಕಡಿಮೆ ಏನಿಲ್ಲ. "ಅಲ್ಲಿ ಮಾತು ಕೇಳದವರ ಮೇಲಿನ ಸಿಟ್ಟನ್ನು ನನ್ನ ಸಾರಿನ ಮೇಲೆ ಎಂತಕ್ಕೆ ತೀರಿಸ್ತೀರಿ?" ಅಂದಳು. ನಿಜವನ್ನೇ ಹೇಳಿದ್ದು, ಆದರೆ ಹಸಿದವನಿಗೆ ಹೇಳಬಾರದ ಹೊತ್ತಿನಲ್ಲಿ. ಆಗ ಅಜ್ಜ ಒಂದು ಮಾತು ಆಡಿದರು. ಅದರ ಬಾಲಕ್ಕೆ, ಇನ್ನು ನಿನ್ನ ಕೈಯ ಅನ್ನ ಉಣ್ಣುವುದಿಲ್ಲ ಅಂತ ದೈವದ ಆಣೆಯನ್ನೂ ಹಾಕಿ ಎದ್ದುಬಿಟ್ಟರು. ಇಷ್ಟು ನನಗೆ ಆಮೇಲೆ ಅಮ್ಮ ಹೇಳಿದ್ದು. ನಾನು ಶಾಲೆಯಿಂದ ಬರುವಾಗ ಅಜ್ಜನ ಬಟ್ಟಲು ಹಾಗೇ ಇತ್ತು, ಅಜ್ಜಿ ಹಿತ್ತಿಲಲ್ಲಿ ಕೂತು ಮೊದಲೇ ಹೊಳೆಯುತ್ತಿದ್ದ ಪಾತ್ರೆಯನ್ನು ಮತ್ತೆ ತಿಕ್ಕುತ್ತಿದ್ದಳು. ಆಣೆ ಯಾವುದು ಅಂತ ಅಮ್ಮ ಹೇಳಿದಳು, ಆಣೆಯ ಮುಂಚಿನ ಮಾತು ಯಾವುದು ಅಂತ ಹೇಳಲಿಲ್ಲ. ನಾನು ಕೆದಕಿದಾಗ ನನ್ನ ಬಾಯಿಯ ಮೇಲೆ ಕೈ ಇಟ್ಟಳು.

ನಮ್ಮ ಸೀಮೆಯಲ್ಲಿ ಆಣೆ ಅಂದರೆ ಆಡಿ ಮರೆಯುವ ಸಂಗತಿ ಅಲ್ಲ. ಮನೆಗಳು ತಲೆಮಾರುಗಟ್ಟಲೆ ಒಂದರ ನೀರು ಇನ್ನೊಂದು ಮುಟ್ಟದೆ ಇದ್ದದ್ದುಂಟು. ಹಾಗಾಗಿ ಮಾರನೆಯ ದಿನ ಅಪ್ಪ ಅಡಿಗೆಮನೆಯ ಮೂಲೆಯಲ್ಲಿ ಮಣ್ಣು ಕಲಸಿ ಒಂದು ಸಣ್ಣ ಒಲೆ ಹಾಕಿದರು. ಅದು ಅಜ್ಜನದ್ದು, ಅದರಲ್ಲಿ ಬೇಯಿಸುವುದು ಅಮ್ಮ. ದೊಡ್ಡ ಒಲೆ ಉಳಿದವರದ್ದು, ಅದು ಎಂದಿನಂತೆ ಅಜ್ಜಿಯದ್ದು. ಅಪ್ಪ ಒಂದು ಉಪಾಯ ಹೇಳಿ ನೋಡಿದರು. ಎಲ್ಲ ಅಜ್ಜಿಯೇ ಮಾಡಲಿ, ಕೊನೆಗೆ ಅಮ್ಮ ಒಮ್ಮೆ ಸೌಟು ತಿರುಗಿಸಿದರೆ ಅಮ್ಮನ ಕೈಯ ಅಡಿಗೆ ಆಯಿತಲ್ಲ ಅಂತ. ಅಜ್ಜ ತಲೆ ಅಲ್ಲಾಡಿಸಿದರು.

"ನನ್ನ ಆಣೆಗೇ ನಾನು ಸಂದು ಹುಡುಕಿದರೆ ನಾಳೆ ಊರಲ್ಲಿ ನನ್ನ ಮಾತನ್ನು ಯಾರು ನಂಬುದು?"

ಅಮ್ಮ ಒಳ್ಳೆಯ ಹೆಂಗಸು, ಅವಳಿಗೆ ಅಡಿಗೆ ಬರುತ್ತಿರಲಿಲ್ಲ. ಮದುವೆಯಾದಾಗಿನಿಂದ ಅಜ್ಜಿಯ ಬಲದಲ್ಲಿ ಕಾಯಿ ತುರಿದು, ಪಾತ್ರೆ ತೊಳೆದು ಕಾಲ ಕಳೆದವಳು. ಅವಳ ಸಾರಿನಲ್ಲಿ ಹುಳಿ ಒಂದು ಕಡೆ, ಖಾರ ಇನ್ನೊಂದು ಕಡೆ. ಅಜ್ಜ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಅಮ್ಮ ಬಾಗಿಲ ಮರೆಯಲ್ಲಿ ನಿಂತು "ಹೇಗೆ ಉಂಟು ಮಾವ?" ಅಂತ ಕೇಳುವಳು. ಸುಳ್ಳು ಹೇಳದ ಮನುಷ್ಯ, ಸೊಸೆಯ ಮನಸ್ಸು ನೋಯಿಸಲೂ ಆಗದು, ಸ್ವಲ್ಪ ಹೊತ್ತು ಹುಡುಕಿ "ಬಿಸಿ ಉಂಟು ಮಗಳೇ" ಅನ್ನುತ್ತಿದ್ದರು. ಬಿಸಿ ಇರುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಒಂದು ದಿನ ಸಾರು ತಳ ಹಿಡಿದು ಮನೆಯೆಲ್ಲ ಹೊಗೆ. ಅವತ್ತು ಅಜ್ಜ ಬಹಳ ಹೊತ್ತು ಯೋಚಿಸಿ "ಬೇಗ ಆಯ್ತು ಇವತ್ತು" ಅಂದರು. ಅಪ್ಪ ಕೈ ತೊಳೆಯುವ ನೆಪದಲ್ಲಿ ಹೊರಗೆ ಓಡಿದರು, ನಗು ತಡೆಯಲಿಕ್ಕೆ ಆಗದೆ. ಅಜ್ಜಿ ಮಾತ್ರ ನಗುತ್ತಿರಲಿಲ್ಲ. ಅವಳು ದೊಡ್ಡ ಒಲೆಯ ಎದುರು ಕೂತು, ಸಣ್ಣ ಒಲೆಯ ಕಡೆ ಮುಖ ಮಾಡದೆ, ಅಮ್ಮನಿಗೆ ಹೇಳುತ್ತಿದ್ದಳು.

"ಅವರಿಗೆ ಹುಣಸೆ ಆಗುದಿಲ್ಲ, ಎದೆ ಉರೀತದೆ. ಮಾವಿನ ಹೋಳು ಹಾಕು."

ನೀವು ಅಂದುಕೊಂಡಿರಬಹುದು, ಆದರೆ ಅಜ್ಜ ಅಜ್ಜಿಯ ನಡುವೆ ಮಾತು ನಿಂತಿರಲಿಲ್ಲ. ಗದ್ದೆಗೆ ನೀರು ಕಟ್ಟಿ ಆಯ್ತಾ, ದನ ಬಂತಾ, ನಾಳೆ ಯಾರ ಮನೆಯಲ್ಲಿ ಮದುವೆ, ಎಲ್ಲ ಮಾತಾಡುತ್ತಿದ್ದರು. ಹೊರಗಿನವರಿಗೆ ಏನೂ ಗೊತ್ತಾಗುವಂತಿರಲಿಲ್ಲ. ಉಣ್ಣುವ ಹೊತ್ತಿಗೆ ಮಾತ್ರ ಅಜ್ಜಿ ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು. ಅಜ್ಜನ ಬಟ್ಟಲಿನ ಸದ್ದು ನಿಂತ ಮೇಲೆ ಒಳಗೆ ಬರುತ್ತಿದ್ದಳು. ನಾನು ಅವಳ ಹಿಂದೆ ಹೋಗಿ ಕೂತರೆ ನನ್ನ ತಲೆಯಲ್ಲಿ ಹೇನು ಹುಡುಕುತ್ತಿದ್ದಳು. ಇರಲಿ ಬಿಡಲಿ, ಹುಡುಕುತ್ತಿದ್ದಳು.

ಇದನ್ನೆಲ್ಲ ಮೊದಲು ಬಾಯಿ ಬಿಟ್ಟು ಆಡಿದವರು ಮೊಯ್ದು ಬ್ಯಾರಿ. ಕೆಳಗಿನಿಂದ ಒಣಮೀನು ತಂದು ಮಡಿಕೇರಿಯವರೆಗೆ ಮಾರುವವರು, ಅಜ್ಜನಿಗೆ ಗೆಳೆಯ. ಘಾಟಿ ಹತ್ತುವಾಗಲೂ ಇಳಿಯುವಾಗಲೂ ನಮ್ಮ ಜಗಲಿಯಲ್ಲಿ ಊಟ. ಅವರಿಗೆ ಅಜ್ಜಿಯೇ ಬಡಿಸಬೇಕು. ಎರಡು ಒಲೆಯ ಸಂಗತಿ ತಿಳಿದ ಮೇಲೆ ಅವರು ಬೇಕೆಂದೇ ಅಜ್ಜನ ಪಕ್ಕದಲ್ಲಿ ಎಲೆ ಹಾಕಿಸಿಕೊಂಡು, ಅಜ್ಜಿಯ ಸಾರನ್ನು ಸೊರ್ ಅಂತ ಎಳೆಯುತ್ತಾ, "ಅಕ್ಕ, ಇನ್ನೊಂದು ಸೌಟು ಹಾಕಿ, ಈ ಸಾರಿಗೆ ನಮ್ಮ ಗೌಡ್ರು ಯಾವಾಗ್ಲೂ ಎರಡು ಸಲ ಅನ್ನ ಹಾಕಿಸಿಕೊಳ್ತಿದ್ರು" ಅನ್ನುತ್ತಿದ್ದರು. ಅಜ್ಜ ಅಮ್ಮನ ಬಿಸಿ ಸಾರಿನಲ್ಲಿ ಅನ್ನ ಕಲಸುತ್ತಿದ್ದರು. ಒಂದು ದಿನ ಊಟವಾದ ಮೇಲೆ ಮೊಯ್ದು ಬ್ಯಾರಿ ಕೈ ಒರೆಸಿಕೊಳ್ಳುತ್ತಾ ಮೆತ್ತಗೆ ಹೇಳಿದರು. ನಾನು ಕಂಬಕ್ಕೆ ಒರಗಿ ಕೂತಿದ್ದೆ.

"ಗೌಡ್ರೆ, ನಾನೂ ನನ್ನ ಹೆಂಡತಿಗೆ ಬೇಕಾದಷ್ಟು ಹೇಳಿದ್ದೇನೆ. ಮಾರನೆಯ ದಿನ ತಪ್ಪಾಯ್ತು ಅಂತಲೂ ಹೇಳಿದ್ದೇನೆ. ಅಲ್ಲಿಗೆ ಅದು ನಮ್ಮಿಬ್ಬರೊಳಗೆ ಮುಗೀತು. ನೀವು ಎಂತಕ್ಕೆ ದೈವವನ್ನು ನಡುವೆ ತಂದದ್ದು? ಈಗ ಅಲ್ಲಿಗೇ ಹೋಗಿ ಬಿಡಿಸ್ಬೇಕಲ್ಲ."

"ಬಿಡಿಸಬಹುದು ಬ್ಯಾರಿಗಳೇ."

"ಮತ್ತೆಂತ ತಡ?"

"ಬಿಡಿಸ್ಬೇಕಾದರೆ ಆಡಿದ ಮಾತನ್ನು ಆಡಿದ ಹಾಗೆ ಅಲ್ಲಿ ಇನ್ನೊಮ್ಮೆ ಹೇಳ್ಬೇಕು. ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳ್ಬೇಕು."

ಅಜ್ಜನ ಕಷ್ಟ ಏನು ಅಂತ ನನಗೆ ಅವತ್ತು ಗೊತ್ತಾಯಿತು. ಊರಿನ ಎಲ್ಲರ ಮಾತನ್ನೂ ಆಡಬಲ್ಲ ಮನುಷ್ಯನಿಗೆ ತನ್ನ ಒಂದು ಮಾತನ್ನು ಎರಡನೆಯ ಸಲ ಆಡುವ ಧೈರ್ಯ ಇರಲಿಲ್ಲ. ಆ ಮಾತು ಯಾವುದಿರಬಹುದು ಅಂತ ನಾನು ನನಗೆ ಗೊತ್ತಿದ್ದ ಎಲ್ಲ ಬೈಗಳನ್ನೂ ಮನಸ್ಸಿನಲ್ಲೇ ಅಜ್ಜನ ಬಾಯಿಗೆ ಹಾಕಿ ನೋಡಿದೆ. ಯಾವುದೂ ಹೊಂದಲಿಲ್ಲ.

ಹೀಗಿರುವಾಗ ಹೊಸ ಅಕ್ಕಿಯ ಊಟ ಬಂತು. ನಾವು ಹೊಸತು ಅನ್ನುತ್ತೇವೆ. ಗದ್ದೆಯಿಂದ ಮೊದಲ ತೆನೆ ತಂದು ಬಾಗಿಲಿಗೆ, ಕಣಜಕ್ಕೆ, ನೇಗಿಲಿಗೆ ಕಟ್ಟಿ, ಹೊಸ ಅಕ್ಕಿ ಬೇಯಿಸಿ ಮನೆಯವರೆಲ್ಲ ಸಾಲಾಗಿ ಕೂತು ಉಣ್ಣುವ ದಿನ. ಅದನ್ನು ಬೇಯಿಸಿ ಬಡಿಸುವುದು ಮನೆಯ ಹಿರಿಯ ಹೆಂಗಸು, ಮೊದಲು ಉಣ್ಣುವುದು ಮನೆಯ ಹಿರಿಯ. ಹಿರಿಯ ಉಣ್ಣದೆ ಉಳಿದವರು ಉಣ್ಣುವ ಹಾಗಿಲ್ಲ. ಅಜ್ಜ ಅಜ್ಜಿಯ ಕೈಯ ಅನ್ನ ಮುಟ್ಟುವಂತಿಲ್ಲ. ಬೇರೆ ದಾರಿ ಇಲ್ಲದೆ ಆ ವರ್ಷ ಅಮ್ಮ ಬೇಯಿಸಿದಳು, ಅಮ್ಮ ಬಡಿಸಿದಳು. ಅಜ್ಜಿ ಹಟ್ಟಿಯಲ್ಲಿ ಕರುವಿಗೆ ಹುಲ್ಲು ಹಾಕುತ್ತಾ ಇದ್ದುಬಿಟ್ಟಳು. ನಾನು ಎರಡು ಸಲ ಕರೆಯಲಿಕ್ಕೆ ಹೋದೆ. ಎರಡನೆಯ ಸಲ ನನ್ನ ಕೆನ್ನೆ ಸವರಿ "ನೀನು ಉಣ್ಣು ಹೋಗು, ಹೊಸತು ತಣಿಯಬಾರದು" ಅಂದಳು. ಅವಳ ಕಣ್ಣು ಕೆಂಪಾಗಿತ್ತು. ನಾನು ಒಳಗೆ ಬಂದು ಎಲೆಯ ಎದುರು ಕೂತೆ. ಅಮ್ಮನ ಕಣ್ಣೀರೂ ಬಡಿಸುವಾಗ ಎಲೆಗೇ ಬೀಳುತ್ತಿತ್ತು. ಸಂಜೆ ಎಲ್ಲರೂ ಜಗಲಿಯಲ್ಲಿದ್ದಾಗ ಅಜ್ಜಿ ಬಂದು, ದನಿ ಎತ್ತದೆ, ನಾಳೆಯ ಕೆಲಸ ಹೇಳುವ ಹಾಗೆ ಹೇಳಿದಳು.

"ಬರುವ ಹೊಸತಿಗೆ ನಾನು ಈ ಒಲೆಯ ಎದುರು ಇರ್ತೇನೆ. ಇಲ್ಲದಿದ್ದರೆ ಗುತ್ತಿಗಾರಿನಲ್ಲಿ ನನ್ನ ಅಣ್ಣನ ಮನೆಯಲ್ಲಿ ಇರ್ತೇನೆ. ಹಿರಿಯಳು ಹಟ್ಟಿಯಲ್ಲಿ ನಿಂತು ಹೊಸತು ಕಳೆಯುದು ಇದೊಂದೇ ಸಲ."

ಬೆದರಿಸಲಿಕ್ಕೆ ಮಾತಾಡುವವಳಲ್ಲ ನನ್ನ ಅಜ್ಜಿ, ಅದು ಮನೆಯವರಿಗೆಲ್ಲ ಗೊತ್ತಿತ್ತು.

ಆ ವರ್ಷ ನಾನು ಗದ್ದೆಯನ್ನು ನೋಡಿದ ಹಾಗೆ ಯಾರೂ ಗದ್ದೆಯನ್ನು ನೋಡಿರಲಿಕ್ಕಿಲ್ಲ. ಭತ್ತದ ನೇಜಿ ನೆಟ್ಟಾಗ ಇನ್ನೂ ದೂರ ಉಂಟು ಅಂತ ಸಮಾಧಾನ. ಪೈರು ಎದ್ದಾಗ ಭಯ ಶುರುವಾಯಿತು. ಎಲ್ಲರೂ ಒಳ್ಳೆಯ ಬೆಳೆ ಅಂತ ಹಿಗ್ಗುತ್ತಿದ್ದರೆ ನಾನು ಮಾತ್ರ ಬೆಳೆಯುವುದು ತಡವಾಗಲಿ ಅಂತ ದೇವರಿಗೆ ಹರಕೆ ಹೇಳಿಕೊಳ್ಳುತ್ತಿದ್ದೆ. ಅಜ್ಜಿ ಇಲ್ಲದ ಮನೆ ನನಗೆ ಊಹಿಸಲಿಕ್ಕೂ ಆಗುತ್ತಿರಲಿಲ್ಲ. ನಾನು ಮಲಗುತ್ತಿದ್ದದ್ದು ಅವಳ ಮಗ್ಗುಲಲ್ಲಿ, ಬೈಸಿಕೊಳ್ಳುತ್ತಿದ್ದದ್ದು ಅವಳಿಂದ, ಅತ್ತರೆ ಓಡುತ್ತಿದ್ದದ್ದು ಅವಳ ಕಡೆಗೆ. ಅಜ್ಜಿ ತನ್ನ ತಯಾರಿಯನ್ನು ಸದ್ದಿಲ್ಲದೆ ಮಾಡುತ್ತಿದ್ದಳು. ಕೋಳಿಗಳನ್ನು ಅಮ್ಮನ ಕೈಯ ಕಾಳಿಗೆ ರೂಢಿ ಮಾಡಿಸಿದಳು. ಉಪ್ಪಿನಕಾಯಿ ಹಾಕುವಾಗ ಅಮ್ಮನ ಕೈಯನ್ನೇ ಹಿಡಿದು ಹಾಕಿಸಿದಳು. ನೆಂಟರ ಮನೆಗಳಿಗೆ ಯಾವ ಕಾರ್ಯಕ್ಕೆ ಎಂತ ಕೊಂಡುಹೋಗಬೇಕು ಅಂತ ಹೇಳಿಕೊಟ್ಟಳು. ಅಜ್ಜ ಆಗಾಗ ಹಟ್ಟಿಯ ಎದುರು ಹೋಗಿ, ವೀಳ್ಯ ಉಗಿದು, ಬಾಯಿ ಮುಕ್ಕಳಿಸಿ ಎತ್ತಿನ ಮುಂದೆ ನಿಲ್ಲುವುದನ್ನು ನಾನು ನೋಡಿದ್ದೇನೆ. ಬಾಯಿ ತೆರೆಯುವರು, ಮುಚ್ಚುವರು, ಹಗ್ಗ ಸರಿಮಾಡಿ ವಾಪಸ್ ಬರುವರು. ಎತ್ತಿಗೂ ಹೇಳಲಿಕ್ಕಾಗದ ಮಾತು.

ತೆನೆ ಬಾಗಿದ ಹೊತ್ತು. ಅಜ್ಜಿ ಅಡಿಗೆಮನೆಯಲ್ಲಿ ಅಮ್ಮನಿಗೆ ಹೊಸ ಅಕ್ಕಿಯ ಪಾಯಸದ ಹದ ಹೇಳುತ್ತಿದ್ದಳು, ಕಾಯಿಹಾಲು ಯಾವಾಗ, ಬೆಲ್ಲ ಯಾವಾಗ ಅಂತ. ಅಮ್ಮ "ನೀವೇ ಇರ್ತೀರಲ್ಲ ಅತ್ತೆ" ಅಂದದ್ದಕ್ಕೆ ಅಜ್ಜಿ "ಇನ್ನು ನೀನೇ ಅಲ್ವಾ ಮಾಡುದು, ಸರಿಯಾಗಿ ನೋಡಿಕೋ" ಅಂದಳು. ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ, ಅದೇ ನನಗೆ ಭಯ ಹುಟ್ಟಿಸಿದ್ದು. ಜಗಲಿಯಲ್ಲಿ ಕೂತಿದ್ದ ಅಜ್ಜನಿಗೆ ಅದು ಕೇಳಿಸಿತು. ಅವರು ಎದ್ದು ಅಂಗಳಕ್ಕೆ ಹೋಗಿ ಬಾಯಿಯ ವೀಳ್ಯ ಉಗಿದು ಬಂದು, ಬಾಗಿಲಲ್ಲಿ ನಿಂತರು.

"ನಾಳೆ ದೊಡ್ಡಮನೆಗೆ ಹೋಗುವ. ನೀನೂ ಬಾ."

ಅಜ್ಜಿ ತಲೆ ಎತ್ತಿ ಅವರನ್ನು ನೋಡಿದಳು. ಆಮೇಲೆ ನನ್ನ ಕಡೆ ಕೈ ತೋರಿಸಿ, "ಇವಳೂ ಬರಲಿ. ಬಾಯಿ ದೊಡ್ಡದು ಇವಳದ್ದು, ಒಂದು ಮಾತು ಬಿಡಿಸ್ಬೇಕಾದರೆ ಎಷ್ಟು ನಡೀಬೇಕು ಅಂತ ಗೊತ್ತಾಗ್ಲಿ" ಅಂದಳು.

ನಮ್ಮ ಕುಟುಂಬದ ದೊಡ್ಡಮನೆ ಹೊಳೆಯ ಆಚೆ ಗುಡ್ಡದ ಮೇಲೆ. ಅದರ ಅಂಗಳದ ಮೂಲೆಯಲ್ಲಿ ದೈವದ ಗುಡಿ. ಅಜ್ಜನ ದೊಡ್ಡಪ್ಪನ ಮಗ ಅಲ್ಲಿ ದೀಪ ಇಡುವವರು, ನಾನು ಅವರನ್ನು ದೊಡ್ಡಜ್ಜ ಅನ್ನುತ್ತಿದ್ದೆ. ಅಜ್ಜನಿಗಿಂತಲೂ ಹಿರಿಯರು, ಬೆನ್ನು ಬಾಗಿದವರು, ಮಾತು ಕಡಿಮೆ. ನಾವು ತೆಂಗಿನಕಾಯಿ, ಅಡಿಕೆ, ವೀಳ್ಯದೆಲೆ ತೆಗೆದುಕೊಂಡು ಬೆಳಗ್ಗೆಯೇ ಹೋದೆವು. ದಾರಿಯಲ್ಲಿ ಅಜ್ಜ ಮುಂದೆ, ಅಜ್ಜಿ ಹಿಂದೆ, ನಡುವೆ ನಾನು. ಗುಡಿಯ ಎದುರು ದೊಡ್ಡಜ್ಜ ಬಾಳೆ ಎಲೆ ಹಾಸಿ, ಕಾಯಿ ಇಟ್ಟು, ಇಂಥ ಮನೆಯ ಇಂಥವರು ಸಿಟ್ಟಿನಲ್ಲಿ ಆಣೆ ಹಾಕಿದ್ದಾರೆ, ಅದನ್ನು ಬಿಡಿಸಿಕೊಳ್ಳಲಿಕ್ಕೆ ಇಬ್ಬರೂ ಬಂದಿದ್ದಾರೆ ಅಂತ ದೈವಕ್ಕೆ ಅರಿಕೆ ಮಾಡಿದರು. ಆಮೇಲೆ ಅಜ್ಜನ ಕಡೆ ತಿರುಗಿದರು.

"ಏನು ಹೇಳಿದ್ದಿಯೋ ಅದನ್ನು ಹೇಳು ತಮ್ಮ. ಕಡಿಮೆ ಮಾಡ್ಬೇಡ, ಚಂದ ಮಾಡ್ಬೇಡ."

ಅಜ್ಜ ಕೈ ಮುಗಿದು ನಿಂತಿದ್ದರು. ಬಾಯಿ ತೆರೆದರು. ಎಷ್ಟೋ ಚಪ್ಪರಗಳಲ್ಲಿ ಮೈಕು ಇಲ್ಲದೆ ಕೊನೆಯ ಸಾಲಿನವರಿಗೂ ಕೇಳಿಸುತ್ತಿದ್ದ ಆ ಗಂಟಲಿಂದ ಗಾಳಿ ಮಾತ್ರ ಬಂತು. ದೊಡ್ಡಜ್ಜ ಕಾದರು. ಅಜ್ಜ ಮತ್ತೊಮ್ಮೆ ಬಾಯಿ ತೆರೆದು "ನಾನು" ಅಂದರು, ಅಷ್ಟಕ್ಕೇ ನಿಂತಿತು. ಆಗ ಪಕ್ಕದಲ್ಲಿದ್ದ ಅಜ್ಜಿ ಹೇಳಿದಳು.

"ಅವರಿಗೆ ಆಗುದಿಲ್ಲ. ನಾನು ಹೇಳ್ತೇನೆ. ಆ ಮಾತು ಇಷ್ಟು ದಿನ ನನ್ನ ಹತ್ತಿರವೇ ಇದ್ದದ್ದು."

ಅವಳು ಗುಡಿಯ ಬಾಗಿಲನ್ನೇ ನೋಡುತ್ತಾ, ಅಜ್ಜ ಹೇಗೆ ಹೇಳಿದ್ದರೋ ಹಾಗೇ ಹೇಳಿದಳು.

"ನಿನ್ನ ಕೈಯಿಂದ ಉಂಡ ಎರಡು ಮಕ್ಕಳು ಮಣ್ಣಿಗೆ ಹೋದವು. ಇನ್ನು ನಾನೂ ಹೋಗ್ಬೇಕಾ? ಇವತ್ತಿನಿಂದ ನಿನ್ನ ಕೈಯ ಅನ್ನ ಉಂಡರೆ ದೈವದ ಆಣೆ."

ಅಪ್ಪನಿಗಿಂತ ಮುಂಚೆ ಅಜ್ಜಿಗೆ ಒಂದು ಹೆಣ್ಣು, ಒಂದು ಗಂಡು ಹುಟ್ಟಿದ್ದವು, ಎರಡೂ ಜ್ವರದಲ್ಲಿ ಹೋದವು ಅಂತ ನನಗೆ ತಿಳಿದದ್ದು ಅವತ್ತು. ಎರಡೂ ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಗಂಜಿಯ ತಿಳಿ ಕುಡಿಸುತ್ತಾ ಕೂತಿದ್ದವಳು ಅವಳೇ. ಅವಳ ಕೈಯಲ್ಲೇ ಉಂಡು ಬೆಳೆದ ನನಗೆ ನಿಂತಲ್ಲೇ ಅಳು ಬಂತು. ದೊಡ್ಡಜ್ಜ ದೀಪದ ಬತ್ತಿ ಸರಿಮಾಡಿದರು. ಆಮೇಲೆ, ಆಣೆ ಹಾಕಿದ ಬಾಯಿಯೇ ಹೇಳದೆ ಅದು ಬಿಡುವುದಿಲ್ಲ ಅಂದರು. ಅಜ್ಜ ಹೇಳಿದರು. ಒಂದೊಂದೇ ಶಬ್ದ, ಶಾಲೆಯಲ್ಲಿ ಪಾಠ ಒಪ್ಪಿಸುವ ಮಗುವಿನ ಹಾಗೆ. ಮಕ್ಕಳು ಅನ್ನುವಲ್ಲಿ ದನಿ ಒಡೆಯಿತು, ಆದರೂ ಬಿಡದೆ ಕೊನೆಯವರೆಗೆ ಹೇಳಿದರು. ಹೇಳಿ ಮುಗಿಸಿ, ಯಾರೂ ಹೇಳಿಕೊಡದ ಇನ್ನೊಂದು ಮಾತನ್ನು ಸೇರಿಸಿದರು.

"ಅವು ನನ್ನ ಮಕ್ಕಳೂ ಹೌದು. ಆ ದುಃಖವನ್ನು ನಾನು ಇವಳಿಗೆ ಕಲ್ಲು ಮಾಡಿ ಹೊಡೆದೆ. ತಪ್ಪಾಯ್ತು."

ದೊಡ್ಡಜ್ಜ ತಪ್ಪುಕಾಣಿಕೆಯನ್ನು ಮೆಟ್ಟಿಲ ಮೇಲೆ ಇಡಿಸಿ, ಇಬ್ಬರಿಗೂ ಗಂಧ ಕೊಟ್ಟು, ಆಣೆ ಬಿಟ್ಟಿತು ಅಂದರು. ಇಷ್ಟೇ. ಇದಕ್ಕೆ ಒಂದು ವರ್ಷ ಹಿಡಿದಿತ್ತು. 

ವಾಪಸ್ ಬರುವಾಗ ಅಜ್ಜ ಬಹಳ ಮುಂದೆ ನಡೆದುಹೋಗಿದ್ದರು. ಹೊಳೆ ದಾಟುವಲ್ಲಿ ಅಜ್ಜಿ ಒಂದು ಬಂಡೆಯ ಮೇಲೆ ಕೂತು ಕಾಲು ನೀರಿಗೆ ಬಿಟ್ಟಳು. ನಾನು ಕೇಳಿದೆ.

"ಎಲ್ಲ ಹೋಯ್ತಲ್ಲ ಅಜ್ಜಿ ಇನ್ನು?"

"ಆಣೆ ಹೋಯ್ತು ಮಗಾ. ಮಾತು ಎಲ್ಲಿಗೆ ಹೋಗ್ತದೆ? ಇನ್ನು ಅವರೂ ಸ್ವಲ್ಪ ಹೊತ್ತುಕೊಳ್ತಾರೆ, ಅಷ್ಟೇ."

ಇದನ್ನು ಅವಳು ನೊಂದು ಹೇಳಿದ್ದಲ್ಲ. ತಲೆಹೊರೆಯನ್ನು ಪಾಲು ಮಾಡಿಕೊಂಡವರ ಸಮಾಧಾನ ಇತ್ತು ಅವಳ ಮುಖದಲ್ಲಿ. ನಾನು ಮುಂದೆ ಟೀಚರ್ ಆದೆ. "ನಮ್ಮ ಟೀಚರ್ ಬಾಯಿಂದ ಒಂದು ಉತ್ತರ ಬರುವಷ್ಟರಲ್ಲಿ ಸುಳ್ಯದ ಬಸ್ಸು ಹೋಗಿ ಬರ್ತದೆ" ಅಂತ ಮಕ್ಕಳು ತಮಾಷೆ ಮಾಡುತ್ತಿದ್ದರು. ನನಗೆ ಕೋಪ ಬರುವುದಿಲ್ಲ ಅಂತಲ್ಲ, ಬೇಕಾದಷ್ಟು ಬರುತ್ತದೆ. ಕೋಪ ಬಂದಾಗಲೆಲ್ಲ ಆ ಹೊಳೆಯ ಬಂಡೆ ಕಣ್ಣಿಗೆ ಬರುತ್ತದೆ, ನನ್ನ ಮಾತನ್ನು ಹೊತ್ತುಕೊಂಡು ಹೋಗಬೇಕಾದ ಎದುರಿನ ಮಗುವಿನ ಮುಖ ಕಾಣುತ್ತದೆ. ಅಷ್ಟರಲ್ಲಿ ಬಸ್ಸು ಹೋಗಿಬಿಡುತ್ತದೆ.

ಹೊಸತಿನ ದಿನ ಅಪ್ಪ ಬೆಳಗ್ಗೆಯೇ ಸಣ್ಣ ಒಲೆಯನ್ನು ಒಡೆದು ಮಣ್ಣನ್ನು ಹಿತ್ತಿಲಿಗೆ ಹಾಕಿದರು. ಅಜ್ಜಿ ಮಿಂದು, ಒದ್ದೆ ಕೂದಲು ಗಂಟು ಕಟ್ಟಿ, ದೊಡ್ಡ ಒಲೆಯ ಎದುರು ಕೂತಳು. ಅಮ್ಮ ಕಾಯಿ ತುರಿಯುವ ತನ್ನ ಹಳೆಯ ಜಾಗಕ್ಕೆ ಮರಳಿ ಬಂದಳು, ಅವಳಷ್ಟು ಸುಖವಾಗಿ ಯಾರೂ ಕಾಯಿ ತುರಿದಿರಲಿಕ್ಕಿಲ್ಲ. ಮೊಯ್ದು ಬ್ಯಾರಿಯೂ ಬಂದು ಜಗಲಿಯಲ್ಲಿ ಕೂತಿದ್ದರು, ಇವತ್ತು ನೋಡದೆ ಘಾಟಿ ಹತ್ತುವುದಿಲ್ಲ ಅಂತ. ನಡುಮನೆಯಲ್ಲಿ ಎಲೆ ಹಾಕಿದರು. ಅಜ್ಜಿ ಅಜ್ಜನ ಎಲೆಗೆ ಹೊಸ ಅನ್ನ ಬಡಿಸಿದಳು, ಆಮೇಲೆ ನಮಗೆಲ್ಲ.

ಹೊಸತು ಉಣ್ಣುವಾಗ ಕಿರಿಯರು ಹಿರಿಯರನ್ನು ಕೇಳಿಯೇ ಉಣ್ಣಬೇಕು. "ಹೊಸತು ಉಣ್ತೇನೆ" ಅಂತ ಕೇಳುವುದು, ಅವರು "ಉಣ್ಣು" ಅಂದ ಮೇಲೆ ತುತ್ತು ಎತ್ತುವುದು. ನಾನು ಕೇಳಿದೆ, ಅಮ್ಮ ಕೇಳಿದಳು, ಅಪ್ಪ ಕೇಳಿದರು. ಅಜ್ಜ ಒಬ್ಬೊಬ್ಬರಿಗೂ "ಉಣ್ಣು" ಅಂದರು. ಅಜ್ಜನಿಗಿಂತ ಹಿರಿಯರು ಮನೆಯಲ್ಲಿ ಯಾರೂ ಇಲ್ಲದ್ದರಿಂದ ಅವರು ಯಾರನ್ನೂ ಕೇಳುವುದಿಲ್ಲ, ಮೊದಲ ತುತ್ತು ಅವರದ್ದೇ. ನಾವು ಅದಕ್ಕೆ ಕಾಯುತ್ತಿದ್ದೆವು. ಅಜ್ಜ ಎಲೆ ಮುಟ್ಟಲಿಲ್ಲ. ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಮುಖ ಎತ್ತಿ, ಅನ್ನದ ಪಾತ್ರೆ ಹಿಡಿದು ನಿಂತಿದ್ದ ಅಜ್ಜಿಯನ್ನು ನೋಡಿದರು.

"ಹೊಸತು ಉಣ್ತೇನೆ."

ಗಂಡ ಹೆಂಡತಿಯನ್ನು ಹಾಗೆ ಕೇಳುವ ಕ್ರಮ ನಮ್ಮಲ್ಲಿ ಇಲ್ಲ. ಅಪ್ಪ ತಲೆ ತಗ್ಗಿಸಿದರು. ಜಗಲಿಯಲ್ಲಿ ಮೊಯ್ದು ಬ್ಯಾರಿ ಎದ್ದು ನಿಂತದ್ದು ಬಾಗಿಲಿಂದ ಕಂಡಿತು. ಅಜ್ಜ ಇನ್ನೊಮ್ಮೆ ಕೇಳಲಿಲ್ಲ, ಅವಸರವೂ ಮಾಡಲಿಲ್ಲ. ಅನ್ನದ ಹಬೆ ಕಡಿಮೆಯಾಗುತ್ತಾ ಬಂತು, ಯಾರೂ ಅಲುಗಲಿಲ್ಲ. ಅಜ್ಜಿ ಪಾತ್ರೆಯನ್ನು ಕೆಳಗಿಟ್ಟಳು. ಬಡಿಸಿದ ಆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಉಣ್ಣಿ" ಅಂದಳು.

ಅಜ್ಜ ಉಂಡರು.